ಉಪ್ಪು ತಿಂದ ಕಾರು

ನಮ್ಮ ಕಡೆ ಹಳೆಯ ಕಾರು ಕೊಳ್ಳುವವರು ಮೊದಲು ನಂಬರ್ ಪ್ಲೇಟ್ ನೋಡುತ್ತಾರೆ. ಮಂಗಳೂರಿನದೋ ಕಾರವಾರದ್ದೋ ಆಗಿದ್ದರೆ ಮುಂದೆ ಮಾತೇ ಇಲ್ಲ, ಕಡಲ ಗಾಳಿ ಕುಡಿದ ಗಾಡಿ ಅಂತ ತಿರುಗಿ ಬಂದುಬಿಡುತ್ತಾರೆ. ದಾವಣಗೆರೆಯದ್ದೇ ನಂಬರ್ ಆಗಿದ್ದರೆ ಅರ್ಧ ಮನಸ್ಸು ಅಲ್ಲೇ ಒಪ್ಪಿರುತ್ತದೆ. ನಮ್ಮದು ಒಣ ಸೀಮೆ, ಇಲ್ಲಿ ಓಡಿದ ಗಾಡಿಗೆ ಜಂಗು, ಅಂದರೆ ತುಕ್ಕು, ಎಲ್ಲಿಂದ ಬರಬೇಕು ಎಂಬ ನಂಬಿಕೆ. ಹಾಗೆ ನಂಬಿ ಕೊಂಡವರೇ ಆಮೇಲೆ ಗಾಡಿಯ ತಗಡು ಸರಿಮಾಡುವ ನನ್ನ ಟಿಂಕರಿಂಗ್ ಶೆಡ್ಡಿಗೆ ಬರುತ್ತಾರೆ. ಆದ್ದರಿಂದ ಆ ನಂಬಿಕೆಯನ್ನು ನಾನು ಹೊರಗೆಲ್ಲೂ ಬೈಯುವುದಿಲ್ಲ, ಅದರಿಂದ ನನ್ನ ಒಲೆ ಉರಿಯುತ್ತದೆ.

ಆ ಬೆಳಿಗ್ಗೆ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೊರಟವರು ಡ್ರೈವಿಂಗ್ ಸ್ಕೂಲ್ ಮೇಡಂ. ದಾವಣಗೆರೆಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾರೆ. ಶಾಮನೂರಿನ ಹೊಸ ಬಡಾವಣೆಗಳ ಖಾಲಿ ರಸ್ತೆಗಳಲ್ಲಿ ಒಂದು ಕಾರು ಬಸುರಿಯ ಹಾಗೆ ಮೆಲ್ಲಗೆ ಹೋಗುತ್ತಿದ್ದರೆ ಒಳಗೆ ಇವರಿರುತ್ತಾರೆ. ಎಂಥ ಗಾಬರಿಯವರನ್ನೂ ಲಾರಿಗಳ ನಡುವೆ ಇಳಿಸಿ ದಡ ಮುಟ್ಟಿಸುವ ಗಟ್ಟಿಗಿತ್ತಿ. ಅವರಿಗೆ ಒಂದೇ ಒಂದು ಹುಚ್ಚು. ತಾವು ಕಲಿತದ್ದು ಹಳೆಯ ಅಂಬಾಸಿಡರಿನಲ್ಲಿ, ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವಂಥದ್ದರಲ್ಲಿ. ಅಂಥದೇ ಒಂದು ತಮ್ಮ ಸ್ವಂತಕ್ಕೆ ಬೇಕು.

ಹಿಂದೊಮ್ಮೆ ಯಾರನ್ನೂ ಕೇಳದೆ ಒಂದನ್ನು ಕೊಂಡು ತಂದಿದ್ದರು. ಪಳಪಳ ಹೊಳೆಯುವ ಗಾಡಿ. ಲೋಕಿಕೆರೆ ರಸ್ತೆಯಲ್ಲಿ ಒಂದು ಹಂಪಿನ ಮೇಲೆ ಎಗರಿದಾಗ ಪಕ್ಕದಲ್ಲಿ ಕೂತಿದ್ದ ಅವರ ಅತ್ತೆಯ ಕಾಲು ತಳದ ತಗಡನ್ನು ಮುರಿದುಕೊಂಡು ಕೆಳಗಿಳಿಯಿತು, ಚಪ್ಪಲಿ ರಸ್ತೆಯ ಪಾಲಾಯಿತು. ಕಾಲಿಗೆ ಏನೂ ಆಗಲಿಲ್ಲ, ಅದು ದೊಡ್ಡವರ ಪುಣ್ಯ. ಆ ಗಾಡಿಯನ್ನು ನನ್ನ ಶೆಡ್ಡಿನಲ್ಲೇ ಬಿಚ್ಚಿದ್ದು. ಬಣ್ಣದ ಕೆಳಗೆ ತೂತು ಮುಚ್ಚಲು ಮೆತ್ತಿದ ಪುಟ್ಟಿ, ಪುಟ್ಟಿಯ ಕೆಳಗೆ ಗೋಣಿಚೀಲದ ತುಂಡು, ಅದರ ಕೆಳಗೆ ಏನೂ ಇರಲಿಲ್ಲ.

ಅಂದಿನಿಂದ ಅತ್ತೆಯ ಷರತ್ತು ಜಾರಿಯಲ್ಲಿತ್ತು. ಇನ್ನೊಂದು ಹಳೇ ಗಾಡಿ ಮನೆಗೆ ಬರುವುದಾದರೆ ಈ ಟಿಂಕರ್ ನೋಡಿ ಒಪ್ಪಿದ ಮೇಲೆಯೇ ಬರಬೇಕು, ಇಲ್ಲವಾದರೆ ತಾವು ಬರಿಗಾಲಲ್ಲೇ ತವರಿಗೆ ಹೊರಡುವುದು.

"ಅಣ್ಣ, ನೀವು ಹೂಂ ಅಂದ್ರೆ ಹೂಂ," ಎಂದರು ಮೇಡಂ, ಗಾಡಿ ಓಡಿಸುತ್ತ. "ಊಹೂಂ ಅಂದ್ರೆ ಈ ಆಸೆನೇ ಬಿಟ್ಟುಬಿಡ್ತೀನಿ. ಮತ್ತೆ ಹುಡುಕೋಕೆ ಹೋಗಲ್ಲ. ಮನ್ಯಾಗೆ ಮಾತು ಕೇಳಿ ಸಾಕಾಗೈತೆ."

ನಾವು ಹೋಗುತ್ತಿದ್ದದ್ದು ಅವರ ಸ್ಕೂಲಿನ ಕಾರಿನಲ್ಲಿ. ನನ್ನ ಕಾಲ ಬುಡದಲ್ಲೂ ಕಲಿಸುವವರಿಗಾಗಿ ಇಟ್ಟ ಒಂದು ಬ್ರೇಕು, ಒಂದು ಕ್ಲಚ್ಚು. ಅಪ್ಪಿತಪ್ಪಿ ತುಳಿದುಬಿಟ್ಟೇನು ಎಂದು ಎರಡೂ ಕಾಲು ಹಿಂದಕ್ಕೆ ಮಡಚಿ ಕೂತು ಹರಿಹರ ತಲುಪಿದೆ.

ಮಾರುವವರ ಎದುರು ನಾವು ನಮ್ಮ ಅಭಿಪ್ರಾಯ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದಕ್ಕೆ ನನ್ನದೊಂದು ಪದ್ಧತಿ ಉಂಟು, ಕರೆದುಕೊಂಡು ಹೋದವರಿಗೆ ದಾರಿಯಲ್ಲೇ ಹೇಳಿಕೊಟ್ಟಿರುತ್ತೇನೆ. ಗಾಡಿ ಚೆನ್ನಾಗಿದ್ದರೆ "ಒಂದು ಲೋಟ ನೀರು ಕೊಡ್ರಿ" ಎಂದು ಮನೆಯವರನ್ನು ಕೇಳುತ್ತೇನೆ. ಕೆಟ್ಟಿದ್ದರೆ "ಬಿಸಿಲು ಏರ್ತು" ಎನ್ನುತ್ತೇನೆ. ಬಿಸಿಲು ಏರಿದರೆ ಮೇಡಂ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು, ನೀರು ಕೇಳಿದರೆ ಕೂತು ಮಾತಾಡಬೇಕು.

ಹೊಳೆ ಕಡೆಯ ಒಂದು ಓಣಿಯಲ್ಲಿ ಮಾರುವವರ ಮನೆ. ಗೇಟು ತೆಗೆದವರು ಎಪ್ಪತ್ತರ ಸುಮಾರಿನ ಅಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಳುಗಳಿಂದ ಕಾರಿನ ಶೆಡ್ಡಿನ ಹಿಂಬದಿ ಹಂಚು ಇಳಿಸಿ ಒಂದು ಕಡೆ ಪೇರಿಸುತ್ತಿದ್ದರು. ಆ ಶೆಡ್ಡಿನ ಜಾಗದಲ್ಲಿ ಮೊಮ್ಮಗನ ಮನೆಗೆ ಪಾಯ ತೆಗೆಯುವವರಿದ್ದರು, ವಾರದೊಳಗೆ ಎಲ್ಲ ಖಾಲಿಯಾಗಬೇಕಿತ್ತು. ಗುಜರಿಯವನು ಆಗಲೇ ಬಂದು ಗಾಡಿಯ ಸುತ್ತ ತಿರುಗಿ ಹೋಗಿದ್ದ. ನಾವು ಒಲ್ಲೆ ಎಂದರೆ ಮಾರನೇ ದಿನ ಅವನ ಗ್ಯಾಸ್ ಕಟರ್ ಬರುತ್ತದೆ.

"ನೋಡ್ರಿ, ಎಷ್ಟ್ ಹೊತ್ತು ಬೇಕಾದ್ರೂ ನೋಡ್ರಿ," ಎಂದರು ಅಮ್ಮ. "ಅವನು ಬಂದಿದ್ದ, ತೂಕದ ಲೆಕ್ಕದಾಗೆ ಕೇಳ್ದ. ಗಾಡಿ ಕೇಳೋಕೆ ಬಂದ್ಯೋ, ಹಳೇ ಕಬ್ಬಿಣ ಕೇಳೋಕೆ ಬಂದ್ಯೋ ಅಂದೆ. ಎರಡೂ ಒಂದೇ ಅಲ್ವೇನಮ್ಮ ಅಂದ. ಗೇಟ್ ಹಾಕ್ಕೊಂಡು ಹೋಗು ಅಂದೆ."

ಕೆನೆ ಬಣ್ಣದ ಮಾರ್ಕ್ ಟೂ ಅಂಬಾಸಿಡರ್, ದಾವಣಗೆರೆಯದ್ದೇ ನಂಬರು. ಮೇಲೆ ಹೊದಿಸಿದ್ದ ಹಳೆಯ ಜಮಖಾನೆ ಎಳೆದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಮುಂದಿನ ಜಾಲರಿಯ ಒಂದೊಂದು ಹಲ್ಲೂ ನೆಟ್ಟಗಿತ್ತು. ಬಾಗಿಲ ಹಿಡಿಕೆಗಳ ಕ್ರೋಮು ಕೈಯಾಡಿದ ಕಡೆ ಮಾತ್ರ ಸ್ವಲ್ಪ ಮಾಸಿತ್ತು. ಮೇಡಂ ಕೈ ಕಟ್ಟಿ ದೂರ ನಿಂತರು. ಮುಟ್ಟಿದರೆ ಮನಸ್ಸು ಸೋಲುತ್ತದೆ ಎಂದು ದೂರ ನಿಂತದ್ದು ಅಂತ ಆಮೇಲೆ ಹೇಳಿದರು.

ಆದರೆ ನನ್ನ ಕೆಲಸ ಅನುಮಾನಪಡುವುದು. ಮೊದಲು ಕುಕ್ಕರಗಾಲಲ್ಲಿ ಕೂತು ಗಾಡಿಯ ಪಕ್ಕೆಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಬಣ್ಣದಲ್ಲಿ ಎದುರುಗೋಡೆಯ ನೆರಳು ನೆಟ್ಟಗೆ ಬಿದ್ದಿದ್ದರೆ ತಗಡು ನೆಟ್ಟಗಿದೆ, ಅಲ್ಲಲ್ಲಿ ಅಲುಗಿದರೆ ಅಲ್ಲಿ ಯಾರದೋ ಪುಟ್ಟಿಯ ಕೈಚಳಕವಿದೆ. ನೆಟ್ಟಗೇ ಇತ್ತು. ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತ ಹೋದೆ. ಬರೀ ತಗಡು ಟಣ್ ಎನ್ನುತ್ತದೆ, ಪುಟ್ಟಿ ಮೆತ್ತಿದ್ದು ದಪ್ ಎನ್ನುತ್ತದೆ. ಎಲ್ಲ ಕಡೆಯೂ ಟಣ್.

ಕಿವಿಯನ್ನೂ ಪೂರ್ತಿ ನಂಬಬಾರದು, ಅದಕ್ಕೆ ಅಯಸ್ಕಾಂತ. ದೊಡ್ಡ ಅಯಸ್ಕಾಂತ ತಂದು ಮೆರೆಯುವವರಿದ್ದಾರೆ, ಅದು ಪುಟ್ಟಿಯ ಮೇಲಿನಿಂದಲೂ ಒಳಗಿನ ತಗಡನ್ನು ಹಿಡಿದುಕೊಂಡು ಸುಳ್ಳು ಹೇಳುತ್ತದೆ. ಬಲವಿಲ್ಲದ್ದೇ ಬೇಕು. ನನ್ನದು ಫ್ರಿಜ್ಜಿಗೆ ಅಂಟಿಸುವ ಮಾವಿನಹಣ್ಣಿನ ಗೊಂಬೆ, ಹೆಂಡತಿಯನ್ನು ಕೇಳದೆ ಎತ್ತಿಕೊಂಡು ಬಂದದ್ದು. ಅದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ದೀಪದ ಸುತ್ತ, ಚಕ್ರದ ಕಮಾನಿನ ಅಂಚಿಗೆ, ಬಾಗಿಲ ಕೆಳಗಿನ ಗೇಣಿಗೆ, ಗಾಜಿನ ರಬ್ಬರಿನ ಮೂಲೆಗಳಿಗೆ ಇಟ್ಟು ಬಿಟ್ಟೆ. ಎಲ್ಲೂ ಉದುರಲಿಲ್ಲ.

"ಮಾವಿನಹಣ್ಣು ಇಟ್ಟು ಏನ್ ಪೂಜೆ ಮಾಡ್ತಿದಿರಿ ತಮ್ಮ?" ಎಂದರು ಅಮ್ಮ.

"ಎಲ್ಲೆಲ್ಲಿ ಪ್ರಸಾದ ಬೀಳುತ್ತೆ ನೋಡ್ತಿದೀನ್ರಿ. ಇನ್ನೂ ಬಿದ್ದಿಲ್ಲ," ಎಂದೆ.

ಹೊಳೆ ಹತ್ತಿರದ ಮನೆಯಾದ್ದರಿಂದ ನನ್ನ ಅನುಮಾನವೆಲ್ಲ ನೀರಿನ ಮೇಲಿತ್ತು. ಮಳೆಗಾಲದಲ್ಲಿ ಹೊಳೆ ಏರಿ ಗಾಡಿ ಒಮ್ಮೆ ನೀರಲ್ಲಿ ನಿಂತಿದ್ದರೂ ಸಾಕು, ಬಾಗಿಲುಗಳ ಒಳಹೊಟ್ಟೆಯಲ್ಲಿ ರೇವೆ ಮಣ್ಣು ಕೂತುಬಿಡುತ್ತದೆ. ಅಮ್ಮನ ಅನುಮತಿ ಪಡೆದು ಒಂದು ಬಾಗಿಲಿನ ಒಳಹೊದಿಕೆ ಸಡಿಲಿಸಿ ಟಾರ್ಚ್ ಬಿಟ್ಟೆ. ರೇವೆ ಇರಲಿಲ್ಲ, ನೀರಿನ ಗೆರೆಯೂ ಇರಲಿಲ್ಲ. ಕೆಳಗೆ ನೀರು ಇಳಿದುಹೋಗುವ ತೂತುಗಳು ತೆರೆದೇ ಇದ್ದವು. ಎಷ್ಟೋ ಜನ ಧೂಳು ಬರುತ್ತದೆಂದು ಅವನ್ನು ಮೇಣ ಹಾಕಿ ಮುಚ್ಚಿ ಬಾಗಿಲನ್ನು ಕೊಡಪಾನ ಮಾಡಿಕೊಂಡಿರುತ್ತಾರೆ. ಈ ಮನೆಯಲ್ಲಿ ಯಾರಿಗೋ ಗಾಡಿಯ ಮೇಲೆ ಪ್ರೀತಿ ಮಾತ್ರವಲ್ಲ, ಬುದ್ಧಿಯೂ ಇತ್ತು ಎನ್ನಿಸಿ ಖುಷಿಯಾಯಿತು.

ಮುಂದಿನ ಕಾಲಿಡುವ ಜಾಗದ ಚಾಪೆ ಎತ್ತಿ, ಅತ್ತೆಯ ಚಪ್ಪಲಿಯನ್ನು ನೆನೆಸಿಕೊಂಡು, ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯೆಲ್ಲ ಕುಟ್ಟಿದೆ. ಕಲ್ಲಿನಂತಿತ್ತು. ಗಂಟಲಲ್ಲಿ ನೀರಿನ ಲೋಟದ ಮಾತು ಬಂದು ಕೂತಿತ್ತು. ಉಳಿದದ್ದು ಡಿಕ್ಕಿ ಮಾತ್ರ. ಅದನ್ನು ನೋಡದೆ ಕೇಳಬಾರದೆಂದು ತಡೆದುಕೊಂಡೆ.

ಡಿಕ್ಕಿಯ ತಳಕ್ಕೆ ಅಚ್ಚುಕಟ್ಟಾಗಿ ರೆಕ್ಸಿನ್ ಹಾಸಿ ಅಂಚಿಗೆ ಅಂಟು ಹಚ್ಚಿದ್ದರು. ಅದರ ಮೇಲೆ ಒಂದು ಕಲೆಯಿಲ್ಲ. ಕೈಯಿಂದ ಒತ್ತಿದೆ. ಒಂದು ಮೂಲೆಯಲ್ಲಿ ಹಪ್ಪಳ ಮುರಿದ ಸದ್ದು ಬಂತು. ಅಂಟು ಬಿಡಿಸಿ ರೆಕ್ಸಿನ್ ಮಡಚಿದರೆ ಕೆಳಗೆ ಕಂದು ಬಣ್ಣದ ಪದರ ಪದರ. ಬೆರಳಲ್ಲಿ ಎತ್ತಿದರೆ ಚಕ್ಕೆಯಾಗಿ ಕೈಗೇ ಬಂತು. ಅದು ಹೋದ ಜಾಗದಲ್ಲಿ ಶೆಡ್ಡಿನ ನೆಲ ಕಾಣಿಸಿತು.

ಹಿಂದಿನ ಚಕ್ರದ ಕಮಾನಿನ ಒಳಬುಡವೂ ಹಾಗೆಯೇ ಆಗಿತ್ತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಒಣಗಿದ ಬಾಗಿಲು, ಒಣಗಿದ ಮುಂದಿನ ತಳ, ತೇವದ ಸುಳಿವೇ ಇಲ್ಲದ ಗಾಡಿಗೆ ಹಿಂದೆ ಮಾತ್ರ ಈ ಗತಿ ಹೇಗೆ ಬಂತು ಎಂದು ತಿಳಿಯಲಿಲ್ಲ. ಮೂಲೆಯಲ್ಲಿ ಧೂಳು ಹೆಪ್ಪುಗಟ್ಟಿ ಕೂತಿತ್ತು. ಮಳೆ ಬಿಟ್ಟು ವಾರವಾಗಿತ್ತು, ಶೆಡ್ಡಿನ ಧೂಳೆಲ್ಲ ಒಣಗಿ ಹಾರುತ್ತಿತ್ತು, ಇದು ಮಾತ್ರ ಬೆರಳಿಗೆ ತಣ್ಣಗೆ ಅಂಟಿತು. ಮೂಸಿದೆ. ವಾಸನೆ ಇಲ್ಲ. ಆಮೇಲೆ ಮಾಡಿದ್ದನ್ನು ನೋಡಿ ಮೇಡಂ ಮುಖ ಕಿವುಚಿದರು. ಬೆರಳ ತುದಿಯನ್ನು ನಾಲಿಗೆಗೆ ಇಟ್ಟೆ.

ಉಪ್ಪು. ಅಪ್ಪಟ ಅಡುಗೆ ಉಪ್ಪು.

ಕಡಲಿನಿಂದ ಇಷ್ಟು ದೂರದಲ್ಲಿ, ದಾವಣಗೆರೆ ನಂಬರಿನ ಗಾಡಿಯಲ್ಲಿ ಉಪ್ಪು. ಉಗುಳಿ ಬಂದು ಅಮ್ಮನನ್ನು ಕೇಳಿದೆ: "ಯಾವ ವ್ಯಾಪಾರ ರೀ ನಿಮ್ಮನೆಯವರದು?"

"ಮಂಡಕ್ಕಿ ಭಟ್ಟಿ ಇತ್ತಲ್ರಿ, ದಾವಣಗೇರ್ಯಾಗೆ. ಯಜಮಾನ್ರು ಹೋದ್ಮೇಲೂ ನಾನೇ ನಡೆಸ್ದೆ. ಮಂಡಿನೋವು ಬಂದ್ಮೇಲೆ ಕೊಟ್ಟುಬಿಟ್ವಿ. ಅಂಗಡಿಗಳಿಗೆಲ್ಲ ಇದ್ರಾಗೇ ಚೀಲ ಒಯ್ತಿದ್ದದ್ದು. ಭಟ್ಟಿಗೆ ಉಪ್ಪಿನ ಚೀಲನೂ ಇದ್ರಾಗೇ ಬರ್ತಿತ್ತು."

ಎಲ್ಲ ತಿಳಿಯಿತು. ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಚೀಲ ಅಲುಗಾಡಿದಾಗಲೆಲ್ಲ ಉಪ್ಪಿನ ಹುಡಿ ಉದುರುತ್ತದೆ, ರೆಕ್ಸಿನ್ನಿನ ಅಂಚಿನಿಂದ ಕೆಳಗಿಳಿಯುತ್ತದೆ, ಮಳೆಗಾಲ ಬಂದಾಗ ಗಾಳಿಯ ತೇವ ಕುಡಿದು ತಗಡನ್ನು ನೆಕ್ಕುತ್ತ ಕೂರುತ್ತದೆ. ಊರಿಗೆ ಊರೇ ಮಂಡಕ್ಕಿ ತಿನ್ನುವ ನಾವು, ಗಾಡಿಗೆ ಕಡಲ ಉಪ್ಪು ತಗಲಿದೆಯೇ ಎಂದು ನಂಬರ್ ಪ್ಲೇಟ್ ನೋಡುತ್ತ ಕೂತಿದ್ದೇವೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಉಪ್ಪು ಒಂದು ಕಡೆ ನಿಲ್ಲುವಂಥದಲ್ಲ. ಡಿಕ್ಕಿ ಹೋದರೆ ಹೋಗಲಿ, ಹೊಸ ತಗಡು ಕೂರಿಸಬಹುದು. ಪ್ರಾಣ ಇರುವುದು ಬಾಗಿಲುಗಳ ಕೆಳಗೆ ಗಾಡಿಯ ಉದ್ದಕ್ಕೂ ಓಡುವ ಟೊಳ್ಳು ಪೆಟ್ಟಿಗೆಯಲ್ಲಿ. ನಾವು ಅದನ್ನು ರನ್ನಿಂಗ್ ಬೋರ್ಡ್ ಎನ್ನುತ್ತೇವೆ. ಈ ಗಾಡಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಆ ಪೆಟ್ಟಿಗೆಗಳೇ ಬೆನ್ನುಮೂಳೆ. ಉಪ್ಪು ಅದರೊಳಗೆ ಹೊಕ್ಕಿದ್ದರೆ ಹೊರಗಿನ ಬಣ್ಣ ಎಷ್ಟು ಹೊಳೆದರೇನು, ಲಾರಿ ಒಂದು ತಗುಲಿದರೆ ಗಾಡಿ ನಡುವಿಗೆ ಮಡಚುತ್ತದೆ. ಚಪ್ಪಲಿಯಷ್ಟರಲ್ಲಿ ಮುಗಿಯುವ ಕತೆಯಲ್ಲ ಅದು. ಹಿಂದೆ ಈ ಪಾಟಿ ತಿಂದ ಉಪ್ಪು ಮುಂದಿನದನ್ನು ಬಿಟ್ಟಿರಲಾರದು ಎಂದುಕೊಂಡೆ. ಮೇಡಂ ಕಡೆ ನೋಡದೆ ಹೇಳಿದೆ:

"ಬಿಸಿಲು ಏರ್ತು."

ಮೇಡಂ ಕಟ್ಟಿದ್ದ ಕೈ ಬಿಟ್ಟರು. ಚಪ್ಪಲಿ ಇದ್ದ ಕಡೆ ನಡೆದರು. ಅಮ್ಮ ಮಾತ್ರ ಶೆಡ್ಡಿನಿಂದ ಹೊರಗೆ ತಲೆ ಹಾಕಿ ಆಕಾಶ ನೋಡಿದರು. ಮೋಡ ಕವಿದಿತ್ತು.

"ಎಲ್ಲೈತೆ ತಮ್ಮ ಬಿಸಿಲು?" ಎಂದರು. "ಒಲ್ಲೆ ಅನ್ನೋದಾದ್ರೆ ಒಲ್ಲೆ ಅನ್ರಿ. ನಾನೂ ಬಜಾರದಾಗೇ ಬದುಕಿದಾಕಿ. ಆದ್ರೆ ಪೂರ್ತಿ ನೋಡಿ ಹೇಳ್ರಿ. ಡಿಕ್ಕಿ ನೋಡಿ ಮುಖ ಸಣ್ಣ ಮಾಡಿದ್ರಿ, ಕೆಳಗ ಇನ್ನೂ ನೋಡೇ ಇಲ್ಲ ನೀವು."

ಮಾತು ನಿಜ. ಒಳಗಿನದನ್ನು ನಾನು ಊಹಿಸಿದ್ದೆ, ನೋಡಿರಲಿಲ್ಲ. ನೋಡದೆ ಇರುವುದಕ್ಕೆ ಕಾರಣವೂ ಇತ್ತು. ರನ್ನಿಂಗ್ ಬೋರ್ಡಿನ ಸತ್ಯ ತಿಳಿಯಲು ಅದರ ಕೆಳಗೆ ಜಾಕ್ ಕೊಟ್ಟು ಗಾಡಿಯನ್ನು ಎತ್ತಬೇಕು. ಗಟ್ಟಿಯಿದ್ದರೆ ಗಾಡಿ ಏಳುತ್ತದೆ, ಬಾಗಿಲು ಎಂದಿನಂತೆ ತೆಗೆದು ಹಾಕಬಹುದು. ಒಳಗೆ ಪೊಳ್ಳಾಗಿದ್ದರೆ ಜಾಕ್ ಮೇಲಕ್ಕೆ ಹೋಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ತಗಡು ಮುದ್ದೆಯಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಯಾರೂ ಕೊಳ್ಳುವುದಿಲ್ಲ. ಬೇರೆಯವರ ಗಾಡಿಗೆ, ಕೊಳ್ಳುವ ಮುಂಚೆ, ಈ ಪರೀಕ್ಷೆ ಮಾಡುವ ಹಕ್ಕು ನನಗಿಲ್ಲ.

ಹಾಗಂತ ಇದ್ದದ್ದು ಇದ್ದ ಹಾಗೆ ಅಮ್ಮನಿಗೆ ಹೇಳಿದೆ. ಡಿಕ್ಕಿಯ ಉಪ್ಪಿನ ಸಂಗತಿ, ನನ್ನ ಅನುಮಾನ, ಜಾಕ್ ಕೊಟ್ಟರೆ ಏನಾಗಬಹುದು ಎಂಬುದು, ಎಲ್ಲ. ನಾನು ಮಾರುವವರ ಎದುರು ಬಾಯಿ ಬಿಟ್ಟದ್ದು ಅದೇ ಮೊದಲು. "ಮುರಿದ್ರೆ ನಾನೇ ಮುರಿದಂಗೆ ಆಗುತ್ತೆ ಅಮ್ಮ. ನೀವು ಹೂಂ ಅಂದ್ರೆ ಮಾತ್ರ ಕೊಡ್ತೀನಿ."

"ಮುರಿದ್ರೆ ಮುರೀಲಿ," ಎಂದರು ಅಮ್ಮ. "ನಾಳೆ ಆ ಗುಜರಿಯವ್ನು ಮುರಿಯೋನೇ. ಅವನ ಕೈಯಾಗೆ ಮುರಿಯೋದಕ್ಕಿಂತ ನಿಮ್ಮ ಕೈಯಾಗೆ ಮುರಿದ್ರೆ ಮರ್ಯಾದೆ. ಕೊಡ್ರಿ ಜಾಕು."

ಗಾಡಿ ಜರುಗದಂತೆ ಎದುರು ಪಕ್ಕದ ಚಕ್ರಗಳಿಗೆ ಕಲ್ಲು ಕೊಟ್ಟೆ. ರನ್ನಿಂಗ್ ಬೋರ್ಡಿನ ಕೆಳಗೆ ಜಾಲಿಯ ಹಲಗೆ ಇಟ್ಟು, ಹಲಗೆಯ ಕೆಳಗೆ ಜಾಕ್ ಕೂರಿಸಿದೆ. ಮೇಡಂ ಚಪ್ಪಲಿ ಬಿಟ್ಟು ವಾಪಸ್ ಬಂದು ನನ್ನ ಹಿಂದೆ ನಿಂತಿದ್ದರು. ಒಂದೊಂದೇ ಪಂಪು ಕೊಟ್ಟು ಕಿವಿಗೊಡುತ್ತ ಹೋದೆ. ಒಳಗೆ ಜಂಗಿನ ಪದರ ಇದ್ದರೆ ಮೊದಲು ಕರ್ ಕರ್ ಎಂದು ಉದುರುವ ಸದ್ದು ಬರುತ್ತದೆ. ಹಲಗೆ ಒಮ್ಮೆ ಕಿರುಗುಟ್ಟಿತು, ಮೇಡಂ ಉಸಿರು ಹಿಡಿದದ್ದು ಕೇಳಿಸಿತು. ಅದು ಹಲಗೆಯ ಸದ್ದೇ. ಸ್ಪ್ರಿಂಗ್ ಮೆಲ್ಲಗೆ ಬಿಡಿಸಿಕೊಂಡಿತು. ಚಕ್ರ ನೆಲ ಬಿಟ್ಟಿತು.

"ಮೇಡಂ, ಬಾಗಿಲು ತೆಗೀರಿ," ಎಂದೆ.

ಅವರು ಹಿಡಿಕೆ ಒತ್ತಿದರು. ಬಾಗಿಲು ತೆರೆಯಿತು. ಎರಡು ಬೆರಳಲ್ಲಿ ತಳ್ಳಿದರು. ಎಲ್ಲೂ ಉಜ್ಜದೆ, ಹೊಸ ಬೀರುವಿನ ಬಾಗಿಲಿನ ಹಾಗೆ, ಕ್ಲಿಕ್ ಎಂದು ಮುಚ್ಚಿಕೊಂಡಿತು. ಮತ್ತೊಮ್ಮೆ ತೆಗೆದು ಮತ್ತೊಮ್ಮೆ ಹಾಕಿದರು. ಮೂರನೇ ಸಲ ಹಾಕಿದ್ದು ಪರೀಕ್ಷೆಗಲ್ಲ, ಸದ್ದು ಕೇಳುವುದಕ್ಕೆ.

ನನಗೆ ಸಂತೋಷಕ್ಕಿಂತ ತಲೆ ಕೆಟ್ಟಿತು. ಹಿಂದೆ ಹಪ್ಪಳ, ಮುಂದೆ ಕಲ್ಲು. ಎರಡೂ ಒಂದೇ ಗಾಡಿ, ಒಂದೇ ಉಪ್ಪು. ಕಾರಣ ತಿಳಿಯದೆ ಒಳ್ಳೆಯದನ್ನೂ ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಾಗಿಲ ಹೊಸ್ತಿಲಿಗೆ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ, ಅದನ್ನು ಹಿಡಿದ ಸಣ್ಣ ಸ್ಕ್ರೂಗಳು. ಗಾಡಿಯ ಬೇರೆಲ್ಲ ಸ್ಕ್ರೂಗಳ ತಲೆಯ ಗೀರಿನಲ್ಲಿ ವರ್ಷಗಳ ಕೊಳೆ ಕೂತಿತ್ತು. ಈ ಪಟ್ಟಿಯ ಸ್ಕ್ರೂಗಳ ಗೀರು ಮಾತ್ರ ಸವೆದು ಮಿನುಗುತ್ತಿತ್ತು. ಇವನ್ನು ಯಾರೋ ಮತ್ತೆ ಮತ್ತೆ ಬಿಚ್ಚಿ ಹಾಕಿದ್ದಾರೆ.

ಬಿಚ್ಚಿದೆ. ಸ್ಕ್ರೂ ಹೋದ ತೂತಿನಲ್ಲಿ ಮೊಬೈಲಿಗೆ ಸಿಕ್ಕಿಸುವ ಕ್ಯಾಮೆರಾ ವೈರು ಇಳಿಸಿದೆ. ಈಗ ಎಲ್ಲ ಟಿಂಕರ್‌ಗಳ ಹತ್ತಿರವೂ ಇರುತ್ತದೆ ಅದು. ಇಂಥ ಪೆಟ್ಟಿಗೆಯ ಒಳಗೆ ಕಪ್ಪೋ ಕೆಂಪೋ ಕಾಣುವುದು ವಾಡಿಕೆ. ನನ್ನ ಮೊಬೈಲಿನಲ್ಲಿ ಕಂಡದ್ದು ಜೇನಿನ ಬಣ್ಣ. ಗೋಡೆಯಿಂದ ಗೋಡೆಗೆ, ಮೂಲೆ ಮೂಲೆಗೆ, ಬೆಸುಗೆಯ ಸಂದುಗೊಂದಿಗೆಲ್ಲ ಒಂದೇ ಸಮ ಎಣ್ಣೆಯ ಪೊರೆ ಕಟ್ಟಿ ಒಣಗಿತ್ತು. ಅದರ ಕೆಳಗೆ ತಗಡು ಕಾರ್ಖಾನೆಯಿಂದ ಬಂದ ದಿನದ ಹಾಗೆ ಮಲಗಿತ್ತು. ವೈರಿನ ತುದಿ ಮೂಸಿದೆ. ಹಳೆಯ ಒಗ್ಗರಣೆ ಸೌಟಿನ ವಾಸನೆ.

"ಅಮ್ಮ, ಇದೇನು ಹಾಕಿದ್ದೀರಿ ಒಳಗೆ?"

ಅಮ್ಮ ಇಂಥ ಪ್ರಶ್ನೆಯೂ ಇದೆಯೇ ಎಂಬಂತೆ ನೋಡಿದರು. "ಕುಸುಬೆ ಎಣ್ಣೆ. ಗಟ್ಟಿ ಆಗೋ ತನಕ ಕಾಸಿ ಹಾಕೋದು. ಭಟ್ಟ್ಯಾಗೆ ಬಾಣಲೆ, ಜರಡಿ ಎಲ್ಲಕ್ಕೂ ಸವರ್ತಿದ್ವಲ್ರಿ, ಇಲ್ಲಾಂದ್ರೆ ಉಪ್ಪಿಗೆ ಕಬ್ಬಿಣ ನಿಲ್ಲುತ್ತೇನು? ನರಕ ಚತುರ್ದಶಿ ದಿನ ಮನೆ ಮಂದಿಗೆಲ್ಲ ಎಣ್ಣೆ ನೀರು. ಯಜಮಾನ್ರು ಗಾಡಿ ತಂದ ವರ್ಷನೇ ಅಂದ್ರು, ಇದೂ ಮನೆ ಕೂಸೇ, ಎಲ್ಲರಿಗೂ ಎಣ್ಣೆ ಹಚ್ಚಿ ಇದನ್ನ ಬಿಟ್ರೆ ಹೆಂಗೆ ಅಂತ. ಅವತ್ತಿಂದ ಒಂದು ದೀಪಾವಳಿ ತಪ್ಪಿಲ್ಲ. ಅವರು ಹೋದ ವರ್ಷ ಹಬ್ಬ ಇರ್ಲಿಲ್ಲ ನಮಗೆ. ಆದ್ರೂ ಇದಕ್ಕೆ ಎಣ್ಣೆ ಹಾಕ್ದೆ. ಸೂತಕ ನಮಗೆ, ಗಾಡಿಗೇನ್ರಿ?"

ಒಳಗೆ ಹೋಗಿ ಎಣ್ಣೆ ಹಾಕುವ ಸಾಧನವನ್ನೂ ತಂದು ತೋರಿಸಿದರು. ಹೊಲಿಗೆ ಮಷೀನಿನ ಎಣ್ಣೆ ಡಬ್ಬಿ, ತಳ ಒತ್ತಿದರೆ ಟಕ್ ಟಕ್ ಎನ್ನುವಂಥದ್ದು. ಅದರ ಮೂಗಿಗೆ ಒಂದು ಸಣ್ಣ ಕೊಳವೆ ಸೇರಿಸಿದ್ದರು. ಎಲ್ಲೆಲ್ಲಿ ಆ ಕೊಳವೆ ಹೋಗುತ್ತದೋ ಅಲ್ಲೆಲ್ಲ ಈ ಗಾಡಿ ಎಣ್ಣೆ ಕುಡಿದಿತ್ತು. ಕೆಳಗೆ ಮಲಗಿ ನೋಡಿದರೆ ಹಿಂದಿನ ಸ್ಪ್ರಿಂಗ್ ಕೂರುವ ಕೊಂಡಿಗಳಿಗೂ ಅದೇ ಜೇನು ಬಣ್ಣದ ಪೊರೆ. ನಾನು ಪೇಟೆಯಿಂದ ಡಬ್ಬಿಗಟ್ಟಲೆ ತರುವ ತುಕ್ಕು ನಿರೋಧಕ ಮೂರು ಮಳೆಗಾಲ ಬಾಳಿದರೆ ಹೆಚ್ಚು. ಒಂದು ಹಬ್ಬದ ಆಚರಣೆ ಒಂದು ಗಾಡಿಯನ್ನು ಇಷ್ಟು ಕಾಲ ಕಾದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಯಜಮಾನರು ಬದುಕಿದ್ದರೆ ಅವರ ಕೈ ಹಿಡಿದು ಒಮ್ಮೆ ಕುಲುಕುತ್ತಿದ್ದೆ.

ಮೇಡಂ ಅಷ್ಟರಲ್ಲಿ ಡಿಕ್ಕಿ ಹತ್ತಿರ ನಿಂತಿದ್ದರು. "ಅಮ್ಮ, ಎಲ್ಲ ಕಡೆ ಹಾಕಿದ್ದೀರಿ. ಇಲ್ಲಿ ಯಾಕ ಹಾಕಲಿಲ್ಲ? ಉಪ್ಪು ಬೀಳೋ ಜಾಗನೇ ಇದು."

ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

"ಡಿಕ್ಕ್ಯಾಗೆ ಎಣ್ಣೆ ಹಾಕ್ತಾರೇನವ್ವ?" ಎಂದರು ಅಮ್ಮ. "ಅಲ್ಲಿ ಮಂಡಕ್ಕಿ ಇಡ್ತಿದ್ವಿ. ಎಣ್ಣೆ ಗಾಳಿ ತಗಲಿದ್ರೆ ಮಂಡಕ್ಕಿ ಕಮಟಾಗುತ್ತೆ. ಜನ ತಿನ್ನೋ ಪದಾರ್ಥ. ಅದು ಹೋಗುತ್ತೆ ಅಂತ ಯಜಮಾನ್ರಿಗೂ ಗೊತ್ತಿತ್ತು. ಹೋದ್ರೆ ತಗಡು ತಾನೇ ಹೋಗೋದು ಅಂತಿದ್ರು."

ಡಿಕ್ಕಿಯಲ್ಲಿ ಬಿದ್ದಿದ್ದ ಆ ಜಂಗಿನ ಚಕ್ಕೆಯನ್ನು ಮತ್ತೆ ಕೈಗೆ ತೆಗೆದುಕೊಂಡೆ. ಬೆಳಿಗ್ಗೆಯಿಂದ ನಾನು ಜಂಗು ಹುಡುಕುತ್ತಿದ್ದದ್ದು ಈ ಮನೆಯವರ ಮೋಸ ಹಿಡಿಯುವುದಕ್ಕೆ. ಸಿಕ್ಕ ಜಂಗು ಅವರ ನಿಯತ್ತಿನ ಸಾಕ್ಷಿಯಾಗಿತ್ತು. ಎಷ್ಟೋ ಅಂಗಡಿಗಳಲ್ಲಿ ಸಂಜೆ ಮಿರ್ಚಿ ಜೊತೆ ನಾನೂ ಆ ಮಂಡಕ್ಕಿ ತಿಂದಿರಬೇಕು, ಒಂದು ದಿನವೂ ಕಮಟು ವಾಸನೆ ಬಂದದ್ದು ನೆನಪಿಲ್ಲ. ನಾಲಿಗೆಯ ಮೇಲೆ ಉಪ್ಪು ಹಾಗೆಯೇ ಇತ್ತು.

"ಅಮ್ಮ," ಎಂದೆ, "ಒಂದು ಲೋಟ ನೀರು ಕೊಡ್ರಿ."

ಮೇಡಂ ಮುಖಕ್ಕೆ ಸೆರಗು ಅಡ್ಡ ಹಿಡಿದುಕೊಂಡರು. ಲಾರಿಗಳಿಗೆ ಹೆದರದ ಹೆಂಗಸು, ನೀರಿನ ಲೋಟಕ್ಕೆ ಅತ್ತುಬಿಟ್ಟರು. ಅಮ್ಮ ನೀರಿನ ಜೊತೆ ಬೆಲ್ಲವನ್ನೂ ತಂದರು. ಮೋಡದಲ್ಲಿ ಬಿಸಿಲು ಏರಿದ್ದರ ಅರ್ಥ ಆಗಲೇ ಗೊತ್ತಾಗಿದ್ದವರಿಗೆ ನೀರಿನ ಅರ್ಥ ಗೊತ್ತಾಗುವುದು ಕಷ್ಟವೇನಲ್ಲ. ಬೆಲೆಯ ಮಾತಿಗೆ ಅಂಥ ಜಗ್ಗಾಟವಾಗಲಿಲ್ಲ. ಅಮ್ಮ ಕೇಳಿದ ಒಂದೇ ಷರತ್ತು, ದೀಪಾವಳಿಗೆ ಎಣ್ಣೆ ತಪ್ಪಬಾರದು. ಈ ವರ್ಷದ್ದು ತಾವೇ ಹಾಕಿ ಡಬ್ಬಿಯನ್ನು ಮೇಡಂ ಕೈಗೆ ಕೊಡುವುದು ಎಂದು ಮಾತಾಯಿತು.

ಗಾಡಿ ನನ್ನ ಶೆಡ್ಡಿಗೆ ಬಂತು. ಡಿಕ್ಕಿಯ ತಳವನ್ನೂ ಕಮಾನಿನ ಬುಡವನ್ನೂ ಗಟ್ಟಿ ತಗಡು ಸಿಗುವವರೆಗೆ ಕೊಯ್ದು ತೆಗೆದೆ. ಹೊಸದನ್ನು ಬೆಸೆಯುವ ಮುಂಚೆ ಉಪ್ಪು ಹೋಗಬೇಕು, ಇಲ್ಲವಾದರೆ ಹೊಸ ತಗಡಿಗೂ ಅದೇ ಗತಿ. ಬಿಸಿನೀರು ಹಾಕಿ ತೊಳೆಯುವುದು, ಒಣಗಿಸುವುದು, ಬೆರಳಿಟ್ಟು ನೆಕ್ಕುವುದು. ನಾಲಿಗೆಗೆ ಸಪ್ಪೆ ಆಗುವವರೆಗೆ ಬಿಡಲಿಲ್ಲ. ಶೆಡ್ಡಿಗೆ ಬಂದವರು ನನಗೆ ಏನೋ ಆಗಿದೆ ಎಂದುಕೊಂಡರು. ಆಮೇಲೆ ತಗಡು ಬಡಿದು, ಮೊದಲಿದ್ದ ಹಾಗೆಯೇ ಉಬ್ಬು ಗೆರೆಗಳನ್ನು ಎಬ್ಬಿಸಿ, ಬೆಸೆದು, ಪ್ರೈಮರ್ ಬಣ್ಣ ಕೊಟ್ಟೆ. ಕೊನೆಗೆ ಅಮ್ಮನ ವಿದ್ಯೆಯ ಮೇಲಿನ ಭಕ್ತಿಯಿಂದ, ಕುಸುಬೆ ಎಣ್ಣೆ ಗಟ್ಟಿಯಾಗಿ ಕಾಸಿ ಡಿಕ್ಕಿಯ ಸಂದುಸಂದಿಗೂ ಹಚ್ಚಿ ಬೀಗಿದೆ. ಇಷ್ಟು ಚೆನ್ನಾಗಿ ಮಾಡಿದ ಕೆಲಸ ನನ್ನ ಕೈಯಿಂದ ಹೆಚ್ಚು ಆಗಿಲ್ಲ.

ಮೇಡಂ ಅತ್ತೆ ಮೊದಲ ಸಲ ಹತ್ತುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಹಿಮ್ಮಡಿಯಿಂದ ತಳವನ್ನು ಜೋರಾಗಿ ಗುದ್ದಿ ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ಕೂತರು.

ಚತುರ್ದಶಿಯ ಬೆಳಿಗ್ಗೆ ಗಾಡಿಯನ್ನು ಹರಿಹರಕ್ಕೆ ಒಯ್ದೆವು. ಶೆಡ್ ಇದ್ದ ಕಡೆ ಪಾಯ ಎದ್ದಿತ್ತು. ಅಮ್ಮ ಎಣ್ಣೆ ನೀರು ಮುಗಿಸಿ, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು, ಡಬ್ಬಿ ಹಿಡಿದು ಕಾಯುತ್ತಿದ್ದರು. ಹೊಸ್ತಿಲ ಸ್ಕ್ರೂ ನಾನು ಬಿಚ್ಚಿಕೊಟ್ಟೆ. ಟಕ್ ಟಕ್ ಎಂದು ಒಂದೊಂದೇ ತೂತಿಗೆ ಎಣ್ಣೆ ಬಿಟ್ಟು, ಮುಗಿದ ಮೇಲೆ ಡಬ್ಬಿಯನ್ನು ಸೆರಗಿನಿಂದ ಒರೆಸಿ ಮೇಡಂ ಕೈಯಲ್ಲಿಟ್ಟರು. ಹಬ್ಬದ ಊಟಕ್ಕೆ ಅವರನ್ನು ಅದೇ ಗಾಡಿಯಲ್ಲಿ ದಾವಣಗೆರೆಗೆ ಕರೆದೊಯ್ಯುವುದೆಂದು ಮೊದಲೇ ಮಾತಾಗಿತ್ತು. ಅಮ್ಮ ಬರಿಗೈಯಲ್ಲಿ ಹೊರಡುವವರಲ್ಲ, ಒಂದು ದೊಡ್ಡ ಚೀಲ ಮಂಡಕ್ಕಿ ತರಿಸಿ ಇಟ್ಟಿದ್ದರು.

ನಾನು ದೌಲತ್ತಿನಿಂದ ಡಿಕ್ಕಿ ತೆರೆದೆ. ಅಮ್ಮ ಬಗ್ಗಿ ನೋಡಿದರು. ಹೊಸ ತಗಡಿನ ಮೇಲೆ ಕೈಯಾಡಿಸಿದರು. ಮೂಸಿದರು.

"ಯಾರು ಇಲ್ಲಿ ಎಣ್ಣೆ ಹಾಕಿದ್ದು?"

"ನಾನೇ ಅಮ್ಮ."

"ಮಂಡಕ್ಕಿ ಎಲ್ಲಿಡೋದು ತಮ್ಮ ಈಗ?"

"ಇನ್ನು ಇದ್ರಾಗೆ ಮಂಡಕ್ಕಿ ಯಾರೂ ಒಯ್ಯಲ್ಲ ಅಮ್ಮ," ಎಂದೆ.

ಅಮ್ಮ ಚೀಲದ ಬಾಯಿ ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿದರು. ಮುಂದಿನ ಸೀಟಿನಲ್ಲಿ ಮೇಡಂ ಪಕ್ಕಕ್ಕೆ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎದುರಿನ ರಸ್ತೆ ಕಾಣದಷ್ಟು ದೊಡ್ಡ ಚೀಲ. ಹಿಂದೆ ನನ್ನ ಪಕ್ಕ ಜಾಗವಿದೆ, ಕೊಡಿ ಎಂದು ಕೇಳಿದೆ. ನನ್ನ ಅಂಗಿಯಲ್ಲೂ ಎಣ್ಣೆ ವಾಸನೆ ಇದೆ ಎಂದರು. ದಾವಣಗೆರೆ ಬರುವವರೆಗೂ ಅದನ್ನು ಕೆಳಗಿಡಲಿಲ್ಲ.